ಗುಡುಗು ಮೋಡದಲ್ಲಿ ಗಾಮಾ ಕಿರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಮಿಂಚುವ ಮೋಡದಿಂದ ಗಾಮಾ ಕಿರಣ ಹೊರಡುತ್ತದೆ ಎಂದರೆ ಹೆಚ್ಚಿನವರು ಮೊದಲು ನಗುತ್ತಾರೆ, ಆಮೇಲೆ ಹೆದರುತ್ತಾರೆ. ಎರಡೂ ಬೇಕಿಲ್ಲ. ಗಾಮಾ ಕಿರಣ ಎಂದರೆ ಎಕ್ಸ್‌ರೇಯ ಜಾತಿಯದೇ, ಅದಕ್ಕಿಂತ ಹೆಚ್ಚು ಶಕ್ತಿಯ, ಕಣ್ಣಿಗೆ ಕಾಣದ ಬೆಳಕು. ಈ ವಿಷಯದಲ್ಲಿ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ಎರಡು ಸಾಲು ಸಾಕು.

ಇದು ನಿಜಾನಾ, ಇಲ್ಲಾ ವಾಟ್ಸಾಪ್ ಸುದ್ದಿಯಾ?

ನಿಜ. ಮೂವತ್ತು ವರ್ಷಗಳಿಂದ ಉಪಗ್ರಹಗಳು ಇದನ್ನು ದಾಖಲಿಸುತ್ತಾ ಬಂದಿವೆ. ಗುಡುಗು ಮೋಡದ ಮೇಲ್ಭಾಗದಿಂದ ಆಕಾಶದ ಕಡೆಗೆ ಗಾಮಾ ಕಿರಣಗಳು ಒಮ್ಮೆಲೇ ಚಿಮ್ಮುತ್ತವೆ. ಒಂದು ಮಿಲಿಸೆಕೆಂಡ್ ತುಂಬುವುದರೊಳಗೆ, ಎಷ್ಟೋ ಸಲ ಅದರ ಹತ್ತನೇ ಒಂದು ಪಾಲಿನಲ್ಲೇ, ಎಲ್ಲ ಮುಗಿದಿರುತ್ತದೆ. ಇದಕ್ಕೆ ಟೆರೆಸ್ಟ್ರಿಯಲ್ ಗಾಮಾ ರೇ ಫ್ಲ್ಯಾಶ್ ಎಂದು ಹೆಸರು. ಉದ್ದವಾಯಿತು ಅಲ್ವಾ, ಹಾಗಾಗಿ ಇಲ್ಲಿಂದ ಮುಂದೆ ಟಿಜಿಎಫ್ ಎಂದೇ ಬರೆಯುತ್ತೇನೆ.

ನಾಸಾದ ಫರ್ಮಿ ದೂರದರ್ಶಕ ಒಂದೇ ವರ್ಷದಲ್ಲಿ ಸುಮಾರು 800 ಟಿಜಿಎಫ್ ಹಿಡಿಯುತ್ತದೆ. ಅದು ಹಾದುಹೋಗುವ ದಾರಿಯಲ್ಲಿ ಸಿಕ್ಕಿದ್ದು ಮಾತ್ರ ಅಷ್ಟು. ಇಡೀ ಭೂಮಿಗೆ ದಿನಕ್ಕೆ ಸಾವಿರಕ್ಕೂ ಜಾಸ್ತಿ ಎಂಬುದು ವಿಜ್ಞಾನಿಗಳ ಅಂದಾಜು. ಆದರೆ ಭೂಮಿಯಲ್ಲಿ ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಮಿಂಚು ಹೊಡೆಯುತ್ತವೆ, ಅಂದರೆ ದಿನಕ್ಕೆ ಮೂವತ್ತೈದು ಲಕ್ಷದ ಮೇಲೆ. ಆ ಲೆಕ್ಕದಲ್ಲಿ ನೋಡಿದರೆ ಟಿಜಿಎಫ್ ಅಪರೂಪವೇ.

ಮಿಂಚು ಅಷ್ಟೊಂದು ಬಿಸಿ ಇರುತ್ತಲ್ಲ, ಆ ಬಿಸಿಗೇ ಗಾಮಾ ಕಿರಣ ಹುಟ್ಟುತ್ತಾ?

ಇಲ್ಲ. ಮಿಂಚು ಹಾಯುವ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿ ಕಾಯುತ್ತದೆ, ಸೂರ್ಯನ ಮೇಲ್ಮೈಗಿಂತ ಐದು ಪಟ್ಟು. ಅಷ್ಟು ಬಿಸಿಗೆ ಕಣ್ಣಿಗೆ ಕಾಣುವ ಬೆಳಕು, ಅತಿನೇರಳೆ ಕಿರಣ ಹುಟ್ಟುತ್ತವೆ, ಅಷ್ಟೇ. ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣಕ್ಕೆ ಎರಡು ಮೂರು ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಇರುತ್ತದೆ (ಎಲೆಕ್ಟ್ರಾನ್‌ವೋಲ್ಟ್ ಎಂದರೆ ಕಣಗಳ ಶಕ್ತಿ ಅಳೆಯುವ ಮಾನ). ಟಿಜಿಎಫ್‌ನಲ್ಲಿ 2 ಕೋಟಿ ಎಲೆಕ್ಟ್ರಾನ್‌ವೋಲ್ಟ್‌ನ ಕಣಗಳು ಸಿಗುತ್ತವೆ. ಬಿಸಿಯಿಂದ ಆಗುವ ಕೆಲಸವಲ್ಲ ಇದು. ಎಲೆಕ್ಟ್ರಾನ್‌ಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗಕ್ಕೆ ಓಡಿಸಿದರೆ ಮಾತ್ರ ಇದು ಸಾಧ್ಯ, ಮತ್ತು ಅದನ್ನೇ ಮೋಡ ಮಾಡುತ್ತದೆ.

ಮೋಡ ಎಲೆಕ್ಟ್ರಾನನ್ನು ಓಡಿಸುವುದು ಹೇಗೆ? ಸ್ವಲ್ಪ ಬಿಡಿಸಿ ಹೇಳಿ.

ಗುಡುಗು ಮೋಡದೊಳಗೆ ಗಾಳಿ ರಭಸವಾಗಿ ಮೇಲೇರುತ್ತಿರುತ್ತದೆ. ಅದರ ಜೊತೆ ಸಣ್ಣ ಹಿಮದ ಹರಳುಗಳೂ ಮೇಲೆ ಹೋಗುತ್ತವೆ. ಅವಕ್ಕಿಂತ ಭಾರದ ಮೆತ್ತನೆಯ ಹಿಮದುಂಡೆಗಳು ನಡುವೆಯೇ ತೇಲುತ್ತವೆ, ಇಲ್ಲವೇ ಕೆಳಕ್ಕೆ ಜಾರುತ್ತವೆ. ಇವೆರಡೂ ಒಂದಕ್ಕೊಂದು ತಾಗಿ ಬೇರೆಯಾಗುವಾಗ ವಿದ್ಯುದಾವೇಶ ಹಂಚಿಹೋಗುತ್ತದೆ. ಸಾಮಾನ್ಯವಾಗಿ ಹರಳುಗಳು ಪಾಸಿಟಿವ್ ಆಗಿ ಮೋಡದ ತಲೆಗೆ ಸೇರುತ್ತವೆ, ಉಂಡೆಗಳು ನೆಗೆಟಿವ್ ಆಗಿ ನಡುಭಾಗದಲ್ಲಿ ಉಳಿಯುತ್ತವೆ. ಈ ಎರಡು ಪದರಗಳ ನಡುವೆ ಕೋಟಿಗಟ್ಟಲೆ ವೋಲ್ಟ್ ವ್ಯತ್ಯಾಸ ಬೆಳೆಯುತ್ತದೆ.

ಅಲ್ಲಿ ಒಂದು ಎಲೆಕ್ಟ್ರಾನ್ ಇದೆ ಎಂದುಕೊಳ್ಳಿ. ಪಾಸಿಟಿವ್ ಪದರ ಅದನ್ನು ಮೇಲಕ್ಕೆ ಎಳೆಯುತ್ತದೆ. ಆದರೆ ದಾರಿಯುದ್ದಕ್ಕೂ ಗಾಳಿಯ ಅಣುಗಳು. ಡಿಕ್ಕಿ ಹೊಡೆದು ಹೊಡೆದು ಅದು ಗಳಿಸಿದ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತದೆ. ಮಾಮೂಲಿ ಎಲೆಕ್ಟ್ರಾನ್‌ನ ಕತೆ ಇಷ್ಟೇ. ಆದರೆ ಮೊದಲೇ ತುಂಬಾ ವೇಗದಲ್ಲಿರುವ ಎಲೆಕ್ಟ್ರಾನ್‌ನ ಕತೆ ಬೇರೆ. ಜಾತ್ರೆಯಲ್ಲಿ ನಿಧಾನ ನಡೆಯುವವನನ್ನು ಹೆಜ್ಜೆಗೊಬ್ಬರು ನಿಲ್ಲಿಸಿ ಮಾತಾಡಿಸುತ್ತಾರೆ, ಓಡುವವನನ್ನು ಯಾರೂ ಹಿಡಿಯುವುದಿಲ್ಲ ಅಲ್ವಾ, ಹಾಗೆ. ಒಂದು ಮಟ್ಟದವರೆಗೆ, ಎಲೆಕ್ಟ್ರಾನ್‌ನ ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಕಡಿಮೆಯಾಗುತ್ತದೆ. ತಡೆಗಿಂತ ಎಳೆತ ಜಾಸ್ತಿಯಾದ ಕ್ಷಣದಿಂದ ಅದು ಓಡುತ್ತಲೇ ಹೋಗುತ್ತದೆ. ಇದಕ್ಕೆ ರನ್‌ಅವೇ ಎಲೆಕ್ಟ್ರಾನ್ ಎನ್ನುತ್ತಾರೆ.

ಸ್ಕಾಟ್ಲೆಂಡಿನ ಸಿ.ಟಿ.ಆರ್. ವಿಲ್ಸನ್ ಇದನ್ನು 1925ರಲ್ಲೇ ಹೇಳಿದ್ದರು. ಉಪಗ್ರಹ ಹೋಗಲಿ, ರಾಕೆಟ್ಟೇ ಸರಿಯಾಗಿ ಇಲ್ಲದ ಕಾಲ. ಕಣಗಳ ಜಾಡು ಕಣ್ಣಿಗೆ ಕಾಣಿಸುವ ಕ್ಲೌಡ್ ಚೇಂಬರ್ ಎಂಬ ಉಪಕರಣ ಕಂಡುಹಿಡಿದು 1927ರಲ್ಲಿ ನೊಬೆಲ್ ಪಡೆದದ್ದೂ ಅವರೇ.

ಓಟ ಶುರು ಮಾಡುವ ಮೊದಲ ವೇಗದ ಎಲೆಕ್ಟ್ರಾನ್ ಎಲ್ಲಿಂದ ಬರುತ್ತದೆ ಎಂದು ಕೇಳಬಹುದು. ಅಂತರಿಕ್ಷದಿಂದ ಸದಾ ಸುರಿಯುತ್ತಿರುವ ಕಾಸ್ಮಿಕ್ ಕಿರಣಗಳು ಗಾಳಿಗೆ ಬಡಿದಾಗ ಅಂಥ ಎಲೆಕ್ಟ್ರಾನ್‌ಗಳು ಹುಟ್ಟುತ್ತಲೇ ಇರುತ್ತವೆ. ಮುಂದಿನ ದೊಡ್ಡ ಹೆಜ್ಜೆ 1992ರಲ್ಲಿ ಬಂತು. ಓಡುವ ಎಲೆಕ್ಟ್ರಾನ್ ತಾನೊಂದೇ ಓಡುವುದಿಲ್ಲ, ದಾರಿಯಲ್ಲಿ ಸಿಕ್ಕ ಅಣುಗಳಿಂದ ಇನ್ನಷ್ಟು ವೇಗದ ಎಲೆಕ್ಟ್ರಾನ್‌ಗಳನ್ನು ಕಿತ್ತು ಜೊತೆಗೆ ಓಡಿಸುತ್ತದೆ, ಹಾಗೆ ಒಂದು ಎರಡಾಗಿ ಎರಡು ನಾಲ್ಕಾಗಿ ಹಿಂಡು ಬೆಳೆಯುತ್ತದೆ ಎಂದು ರಷ್ಯಾದ ಅಲೆಕ್ಸಾಂಡರ್ ಗುರೆವಿಚ್ ಮತ್ತು ಜೊತೆಗಾರರು ತೋರಿಸಿದರು. ಸಮುದ್ರಮಟ್ಟದ ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಬೇಕು. ಈ ಹಿಂಡು ಬೆಳೆಯಲು ಅದರ ಹತ್ತರಲ್ಲೊಂದು ಪಾಲು, ಮೀಟರಿಗೆ ಸುಮಾರು 2.8 ಲಕ್ಷ ವೋಲ್ಟ್ ಸಾಕು. ಮೇಲೆ ಹೋದಂತೆ ಗಾಳಿ ತೆಳುವಾಗುವುದರಿಂದ ಇನ್ನೂ ಕಡಿಮೆಗೇ ಆಗುತ್ತದೆ.

ಇನ್ನು ಗಾಮಾ ಕಿರಣ. ವೇಗದ ಎಲೆಕ್ಟ್ರಾನ್ ಒಂದು ಪರಮಾಣುವಿನ ನ್ಯೂಕ್ಲಿಯಸ್ ಪಕ್ಕದಲ್ಲಿ ಹಾಯುವಾಗ ದಾರಿ ಬಾಗುತ್ತದೆ, ವೇಗ ಕುಂದುತ್ತದೆ. ಕಳೆದುಕೊಂಡ ಶಕ್ತಿ ಗಾಮಾ ಕಿರಣವಾಗಿ ಹೊರಬರುತ್ತದೆ. ಆಸ್ಪತ್ರೆಯ ಎಕ್ಸ್‌ರೇ ಮಷೀನಿನಲ್ಲಿ ನಡೆಯುವುದೂ ಇದೇ. ಅಲ್ಲಿ ಎಲೆಕ್ಟ್ರಾನ್ ಹೋಗಿ ಲೋಹಕ್ಕೆ ಬಡಿಯುತ್ತದೆ, ಇಲ್ಲಿ ಗಾಳಿಗೆ.

ಅಷ್ಟಾದರೆ ಲೆಕ್ಕ ಸರಿಹೋಯಿತಾ?

ಹೋಗಲಿಲ್ಲ. ಒಂದು ಟಿಜಿಎಫ್‌ನಲ್ಲಿ 1ರ ಮುಂದೆ 17 ಸೊನ್ನೆ ಹಾಕಿದಷ್ಟು ಅಥವಾ ಇನ್ನೂ ಜಾಸ್ತಿ ಗಾಮಾ ಕಣಗಳು ಇರುತ್ತವೆ. ಕಾಸ್ಮಿಕ್ ಕಿರಣ ಕೊಟ್ಟ ಬೀಜದ ಎಲೆಕ್ಟ್ರಾನ್‌ಗಳಿಂದ ಒಂದು ಸುತ್ತು ಹಿಂಡು ಬೆಳೆದರೆ ಅಷ್ಟು ಆಗುವುದಿಲ್ಲ.

ಇದಕ್ಕೆ 2003ರಲ್ಲಿ ಅಮೆರಿಕದ ಜೋಸೆಫ್ ಡ್ವಾಯರ್ ಒಂದು ಚೆಂದದ ಉತ್ತರ ಕೊಟ್ಟರು. ಹಿಂಡಿನಲ್ಲಿ ಹುಟ್ಟಿದ ಗಾಮಾ ಕಿರಣಗಳಲ್ಲಿ ಕೆಲವು ಹಿಂದಕ್ಕೆ ಚದುರುತ್ತವೆ. ಕೆಲವು ಪಾಸಿಟ್ರಾನ್‌ಗಳನ್ನು ಹುಟ್ಟಿಸುತ್ತವೆ. ಪಾಸಿಟ್ರಾನ್ ಎಂದರೆ ಪಾಸಿಟಿವ್ ಆವೇಶದ ಎಲೆಕ್ಟ್ರಾನ್, ಹಾಗಾಗಿ ಮೋಡ ಅದನ್ನು ಉಲ್ಟಾ ದಿಕ್ಕಿಗೆ ಓಡಿಸುತ್ತದೆ. ಹೀಗೆ ಹಿಂದಕ್ಕೆ ಬಂದವು ಓಟ ಶುರುವಾದ ಜಾಗದಲ್ಲೇ ಹೊಸ ಹಿಂಡು ಎಬ್ಬಿಸುತ್ತವೆ. ಅದರಿಂದ ಮತ್ತೆ ಗಾಮಾ ಕಿರಣ, ಮತ್ತೆ ಪಾಸಿಟ್ರಾನ್. ಆಮೇಲೆ ಹೊರಗಿನ ಬೀಜವೇ ಬೇಡ. ಇದಕ್ಕೆ ರಿಲೇಟಿವಿಸ್ಟಿಕ್ ಫೀಡ್‌ಬ್ಯಾಕ್ ಎಂದು ಹೆಸರು.

ಮೊದಲು ಕಂಡದ್ದು ಯಾರಿಗೆ?

ಹುಡುಕದೇ ಇದ್ದವರಿಗೆ! 1991ರಲ್ಲಿ ನಾಸಾ ಕಾಂಪ್ಟನ್ ಗಾಮಾ ಕಿರಣ ವೀಕ್ಷಣಾಲಯವನ್ನು ಹಾರಿಸಿತು. ಅದರ ಬಾಟ್ಸೆ ಎಂಬ ಉಪಕರಣದ ಕೆಲಸ ಬ್ರಹ್ಮಾಂಡದ ದೂರದ ಮೂಲೆಗಳಿಂದ ಬರುವ ಗಾಮಾ ಸ್ಫೋಟಗಳನ್ನು ಹಿಡಿಯುವುದು. ಆದರೆ ನಡುನಡುವೆ ಕೆಲವು ಮಿಣುಕುಗಳು ಕೆಳಗಿನಿಂದ, ಭೂಮಿಯ ಕಡೆಯಿಂದ ಬರುತ್ತಿದ್ದವು. ಜೆರಾಲ್ಡ್ ಫಿಶ್‌ಮನ್ ತಂಡ ಎರಡು ವರ್ಷದಲ್ಲಿ ಇಂಥ ಹನ್ನೆರಡಾದರೂ ಘಟನೆ ಸಿಕ್ಕಿವೆ, ಗುಡುಗು ಮೋಡಗಳಿಗೂ ಇವಕ್ಕೂ ನಂಟಿದೆ ಎಂದು 1994ರಲ್ಲಿ ಪ್ರಕಟಿಸಿತು.

ಆಗ ಅವರು ಇವು 30 ಕಿಲೋಮೀಟರಿಗಿಂತ ಮೇಲೆ ಹುಟ್ಟುತ್ತವೆ ಎಂದುಕೊಂಡಿದ್ದರು. ಕಾರಣವೂ ಸರಿಯಾಗೇ ಇತ್ತು, ಕೆಳಗೆ ಹುಟ್ಟಿದರೆ ಗಾಳಿಯೇ ನುಂಗಿಬಿಡುತ್ತದಲ್ಲ. 2002ರಲ್ಲಿ ಸೂರ್ಯನನ್ನು ನೋಡಲು ಹೋದ ರೆಸ್ಸಿ ಉಪಗ್ರಹ ಈ ಚಿತ್ರವನ್ನು ಬದಲಿಸಿತು. ಅದು ಹಿಡಿದ ಕಿರಣಗಳ ಶಕ್ತಿಯ ಹಂಚಿಕೆ ನೋಡಿದರೆ ಅವು ಸಾಕಷ್ಟು ದಪ್ಪ ಗಾಳಿ ಸೀಳಿಕೊಂಡು ಬಂದದ್ದು ಗೊತ್ತಾಗುತ್ತಿತ್ತು. ಮೂಲ 15ರಿಂದ 21 ಕಿಲೋಮೀಟರ್ ಎತ್ತರದಲ್ಲಿರಬೇಕು ಎಂದು 2005ರಲ್ಲಿ ಲೆಕ್ಕ ಹಾಕಿದರು. ಅಂದರೆ ಉಷ್ಣವಲಯದ ದೊಡ್ಡ ಮೋಡಗಳ ತಲೆಯ ಎತ್ತರ. ಅಲ್ಲಿಂದ ಮೇಲೆ ಆಕಾಶದಲ್ಲಿ ಎಲ್ಲೋ ಅಲ್ಲ, ಮೋಡದೊಳಗೇ ಹುಡುಕಬೇಕು ಎಂಬುದು ಸ್ಪಷ್ಟವಾಯಿತು.

ಈ ಕ್ಷೇತ್ರದಲ್ಲಿ ನನಗೆ ಮಜಾ ಅನಿಸುವುದು ಇದೇ. ಒಂದು ಬ್ರಹ್ಮಾಂಡ ನೋಡಲು ಹೋದದ್ದು, ಇನ್ನೊಂದು ಸೂರ್ಯನನ್ನು. ಮೋಡವನ್ನೇ ನೋಡಲೆಂದು ಮಾಡಿದ ಅಸಿಮ್ ಎಂಬ ಯೂರೋಪಿನ ಉಪಕರಣ ಅಂತರಿಕ್ಷ ನಿಲ್ದಾಣಕ್ಕೆ ಹೋಗಿದ್ದು 2018ರಲ್ಲಿ. ಫ್ರಾನ್ಸಿನವರು ಟಾರಾನಿಸ್ ಎಂಬ ಉಪಗ್ರಹವನ್ನೂ ಇದಕ್ಕೆಂದೇ ಕಟ್ಟಿದರು, ಪಾಪ, 2020ರ ನವೆಂಬರಿನಲ್ಲಿ ರಾಕೆಟ್ ಕೈಕೊಟ್ಟು ಅದು ಕಕ್ಷೆಗೇ ತಲುಪಲಿಲ್ಲ.

ಗಾಮಾ ಕಿರಣ ಬಿಡುವುದು ಮಿಂಚಾ, ಮೋಡಾನಾ?

ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. "ಮಿಂಚು ಗಾಮಾ ಕಿರಣ ಉಗುಳುತ್ತದೆ" ಎಂದು ಬರೆಯುವುದು ಸುಲಭ, ಆದರೆ ಅದು ಅರ್ಧ ಸತ್ಯ.

ಮಿಂಚಿನ ಪಾತ್ರ ಖಂಡಿತ ಇದೆ. ಮಿಂಚು ಬೆಳೆಯುವಾಗ ಅದರ ಮುಂಚೂಣಿಯಲ್ಲಿ ಲೀಡರ್ ಎಂಬ ಕವಲು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಅದರ ತುದಿಯಲ್ಲಿ ವಿದ್ಯುತ್ ಕ್ಷೇತ್ರ ವಿಪರೀತ ಜೋರಾಗಿರುತ್ತದೆ. ಮೋಡದೊಳಗಿನ ಲೀಡರಿನಲ್ಲಿ ದೊಡ್ಡ ಕರೆಂಟು ಹರಿಯಲು ಶುರುವಾಗುವ ಹೊತ್ತಿಗೇ ಟಿಜಿಎಫ್ ಹುಟ್ಟುವುದನ್ನು ಅಸಿಮ್ ತೋರಿಸಿತು. ಜಪಾನಿನ ಕನಝಾವಾ ನಗರದಲ್ಲಿ 2023ರ ಜನವರಿಯಲ್ಲಿ ಇನ್ನೂ ಸ್ಪಷ್ಟವಾಗಿ ಸಿಕ್ಕಿತು. ಮೋಡದಿಂದ ಒಂದು ಲೀಡರ್ ಇಳಿಯುತ್ತಿತ್ತು, ಪ್ರಸಾರ ಗೋಪುರದ ತುದಿಯಿಂದ ಇನ್ನೊಂದು ಏರುತ್ತಿತ್ತು. ಎರಡೂ ಕೂಡುವುದಕ್ಕೆ 31 ಮೈಕ್ರೋಸೆಕೆಂಡ್ ಮೊದಲು ಗಾಮಾ ಕಿರಣ ಚಿಮ್ಮಿತು.

ಆದರೂ ನನ್ನ ಮಟ್ಟಿಗೆ ಮೇಲುಗೈ ಮೋಡದ್ದೇ. ಯಾಕೆ ಅಂದರೆ ಮಿಂಚೇ ಇಲ್ಲದೆಯೂ ಮೋಡ ಗಾಮಾ ಕಿರಣ ಬಿಡುತ್ತದೆ. ಮುಂದಿನ ಉತ್ತರ ಓದಿ.

ಮಿಂಚಿಲ್ಲದೆಯೂ ಬಿಡುತ್ತಾ?

ಹೌದು. ಇದಕ್ಕೆ ಗಾಮಾ ಗ್ಲೋ ಎನ್ನುತ್ತಾರೆ. ಚಿಮ್ಮುವುದಲ್ಲ, ಮಂದವಾಗಿ, ಸೆಕೆಂಡುಗಟ್ಟಲೆ, ಕೆಲವೊಮ್ಮೆ ನಿಮಿಷಗಟ್ಟಲೆ ಹೊಮ್ಮುತ್ತಿರುವುದು. 1980ರ ದಶಕದಲ್ಲೇ ನಾಸಾದ ಎಫ್-106 ವಿಮಾನ ಮೋಡದೊಳಗೆ ನುಗ್ಗಿದಾಗ ಎಕ್ಸ್‌ರೇ ಮಟ್ಟ ಏರಿದ್ದು ದಾಖಲಾಗಿತ್ತು, ಮಿಂಚು ಹೊಡೆದ ಕೂಡಲೇ ಅದು ನಿಂತುಹೋಗುತ್ತಿತ್ತು ಕೂಡ. ಮಿಂಚು ಮೋಡದ ಆವೇಶವನ್ನು ಖಾಲಿ ಮಾಡಿದರೆ ಎಲೆಕ್ಟ್ರಾನ್ ಓಡಿಸಲು ಬಲವೇ ಇರುವುದಿಲ್ಲವಲ್ಲ.

ಆದರೆ ಇದು ಎಷ್ಟು ಸಾಮಾನ್ಯ ಎಂಬುದು ಗೊತ್ತಾದದ್ದು ತೀರಾ ಈಚೆಗೆ. 2023ರ ಜುಲೈನಲ್ಲಿ ನಾರ್ವೆಯ ಬರ್ಗನ್ ವಿಶ್ವವಿದ್ಯಾಲಯದವರು ನಾಸಾ ಜೊತೆ ಸೇರಿ ಅಲಾಫ್ಟ್ ಎಂಬ ಅಭಿಯಾನ ನಡೆಸಿದರು. ಇಆರ್-2 ಎಂಬ ವಿಮಾನ, ಹಳೆಯ ಯು-2 ಬೇಹುಗಾರಿಕಾ ವಿಮಾನದ ಸೋದರ, ಫ್ಲಾರಿಡಾದ ಟ್ಯಾಂಪಾದಿಂದ ಹೊರಟು ಮೆಕ್ಸಿಕೋ ಕೊಲ್ಲಿ, ಕೆರಿಬಿಯನ್ ಮತ್ತು ಮಧ್ಯ ಅಮೆರಿಕದ ಕಡೆಯ ಮೋಡಗಳ ಮೇಲೆ 20 ಕಿಲೋಮೀಟರ್ ಎತ್ತರದಲ್ಲಿ ಹಾರಿತು. ಗ್ಲೋ ಕಂಡ ತಕ್ಷಣ ನೆಲದಲ್ಲಿದ್ದವರಿಗೆ ಗೊತ್ತಾಗುತ್ತಿತ್ತು, ಅವರು ಪೈಲಟ್‌ಗೆ ವಾಪಸ್ ತಿರುಗಿ ಅದೇ ಮೋಡದ ಮೇಲೆ ಮತ್ತೆ ಹೋಗಲು ಹೇಳುತ್ತಿದ್ದರು. ಹತ್ತು ಹಾರಾಟಗಳಲ್ಲಿ ಒಂಬತ್ತರಲ್ಲಿ ಗಾಮಾ ಕಿರಣ ಸಿಕ್ಕಿತು. ಮೋಡಗಳು ಗಂಟೆಗಟ್ಟಲೆ, ಸಾವಿರಾರು ಚದರ ಕಿಲೋಮೀಟರ್ ಹರವಿನಲ್ಲಿ ಗಾಮಾ ಕಿರಣ ಹೊಮ್ಮಿಸುತ್ತಲೇ ಇದ್ದವು, ಮತ್ತು ಅದು ಒಂದೇ ಸಮ ಇರದೆ ಏರುತ್ತಾ ಇಳಿಯುತ್ತಾ ಇತ್ತು.

ಅದರಲ್ಲೇ ಒಂದು ಹೊಸ ಬಗೆಯೂ ಸಿಕ್ಕಿತು. ಮಂದವಾಗಿದ್ದ ಗ್ಲೋ ಇದ್ದಕ್ಕಿದ್ದಂತೆ ಜೋರಾಗಿ, ಮಿಣಮಿಣ ಎಂದು ಸಾಲುಸಾಲಾಗಿ ಮಿನುಗಿ ಮುಗಿಯುವುದು. ಆ ಹೊತ್ತಿನಲ್ಲಿ ಮಿಂಚಿನ ಬೆಳಕೂ ಇಲ್ಲ, ರೇಡಿಯೋ ಸದ್ದೂ ಇಲ್ಲ. ಇಂಥವು 24 ದಾಖಲಾದವು. ನಿಧಾನದ ಗ್ಲೋಗೂ ಕ್ಷಣಿಕ ಟಿಜಿಎಫ್‌ಗೂ ನಡುವೆ ಕಾಣೆಯಾಗಿದ್ದ ಕೊಂಡಿ ಇದೇ ಎಂದು ನಿಕೊಲಾಯ್ ಓಸ್ಟ್‌ಗೋರ್ಡ್ ತಂಡ 2024ರ ಅಕ್ಟೋಬರಿನಲ್ಲಿ ಬರೆಯಿತು. ಈ ಮಿನುಗಿನ ಬೆನ್ನಿಗೆ ಎಷ್ಟೋ ಸಲ ಮಿಂಚು ಹುಟ್ಟಿದ್ದೂ ಕಂಡಿತು. ಅಂದರೆ ಮಿಂಚಿನಿಂದ ಗಾಮಾ ಅಲ್ಲ, ಗಾಮಾ ಹೊಮ್ಮಿಸುವ ಎಲೆಕ್ಟ್ರಾನ್ ಹಿಂಡೇ ಮಿಂಚಿಗೆ ದಾರಿ ಮಾಡಿಕೊಡುತ್ತಿರಬಹುದು! ಪೂರ್ತಿ ತೀರ್ಮಾನವಾಗಿಲ್ಲ, ಆದರೆ ಈಗ ನಡೆಯುತ್ತಿರುವ ಚರ್ಚೆಯಲ್ಲಿ ಎಲ್ಲಕ್ಕಿಂತ ರುಚಿಯಾದ ಭಾಗ ಇದು.

ಮಿಂಚಿನಲ್ಲಿ ಆಂಟಿಮ್ಯಾಟರ್ ಹುಟ್ಟುತ್ತದಂತೆ?

ಹುಟ್ಟುತ್ತದೆ. ಮೇಲೆ ಹೇಳಿದ ಪಾಸಿಟ್ರಾನೇ ಆಂಟಿಮ್ಯಾಟರ್. 2009ರ ಡಿಸೆಂಬರ್ 14ರಂದು ಫರ್ಮಿ ಈಜಿಪ್ಟಿನ ಮೇಲಿತ್ತು. ಅದರ ಕೆಳಗೆ ಗುಡುಗು ಮೋಡವೇ ಇರಲಿಲ್ಲ. ಗುಡುಗು ಮೋಡ ಇದ್ದದ್ದು ದಕ್ಷಿಣಕ್ಕೆ ಸುಮಾರು 4,500 ಕಿಲೋಮೀಟರ್ ದೂರದ ಜಾಂಬಿಯಾದಲ್ಲಿ, ದಿಗಂತದಾಚೆ. ಗಾಮಾ ಕಿರಣ ನೇರ ಹೋಗುತ್ತದೆ, ಹಾಗಾಗಿ ಅದು ಫರ್ಮಿಗೆ ತಾಗಲು ಸಾಧ್ಯವಿರಲಿಲ್ಲ. ಎಲೆಕ್ಟ್ರಾನ್ ಪಾಸಿಟ್ರಾನ್‌ಗಳು ಮಾತ್ರ ಭೂಮಿಯ ಕಾಂತಕ್ಷೇತ್ರದ ರೇಖೆ ಹಿಡಿದು ಸುತ್ತಿಕೊಂಡು ಬಂದು ಉಪಗ್ರಹಕ್ಕೇ ಬಡಿದವು. ಪಾಸಿಟ್ರಾನ್ ಎಲೆಕ್ಟ್ರಾನ್‌ಗೆ ಸಿಕ್ಕರೆ ಎರಡೂ ಅಳಿದು 511 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಗಾಮಾ ಕಿರಣ ಬರುತ್ತದೆ, ಫರ್ಮಿ ಅದನ್ನೇ ಕಂಡಿತು. ಇನ್ನೂ ಚೆಂದ ಏನೆಂದರೆ, ಮುಂದೆ ಹೋದ ಕಣಗಳಲ್ಲಿ ಕೆಲವು ಕಾಂತಕ್ಷೇತ್ರಕ್ಕೆ ಪುಟಿದು ವಾಪಸ್ ಬಂದು 23 ಮಿಲಿಸೆಕೆಂಡ್ ಬಿಟ್ಟು ಇನ್ನೊಂದು ಸಲ ಬಡಿದವು.

ನೆಲದ ಮೇಲಿನ ಸಾಕ್ಷಿ ಜಪಾನಿನದು. 2017ರ ಫೆಬ್ರವರಿ 6ರಂದು ಕಾಶಿವಝಾಕಿ-ಕರಿವಾ ಅಣುಸ್ಥಾವರದ ಆವರಣದಲ್ಲಿ ಇಟ್ಟಿದ್ದ ಡಿಟೆಕ್ಟರುಗಳು ಒಂದು ಮಿಂಚಿನ ನಂತರ ಒಂದು ನಿಮಿಷದಷ್ಟು ಕಾಲ ಇದೇ 511ರ ಗುರುತನ್ನು ಕಂಡವು. ಮಿಂಚಿನ ಗಾಮಾ ಕಿರಣ ಗಾಳಿಯ ನೈಟ್ರೋಜನ್‌ನಿಂದ ಒಂದು ನ್ಯೂಟ್ರಾನ್ ಕಿತ್ತು, ಅದನ್ನು ನೈಟ್ರೋಜನ್-13 ಮಾಡಿತ್ತು. ಅದು ಹತ್ತು ನಿಮಿಷದ ಅರ್ಧಾಯುವಿನ, ಅಂದರೆ ಹತ್ತು ನಿಮಿಷಕ್ಕೆ ಅರ್ಧದಷ್ಟಾಗುವ, ವಿಕಿರಣಶೀಲ ವಸ್ತು, ಅದರಿಂದ ಪಾಸಿಟ್ರಾನ್ ಬರುತ್ತದೆ. ಮಿಂಚು ನ್ಯೂಕ್ಲಿಯರ್ ಕ್ರಿಯೆ ನಡೆಸಿದ್ದಕ್ಕೆ ಇದು ಗಟ್ಟಿ ಪುರಾವೆ. ಟೆರುಆಕಿ ಎನೋಟೊ ಅವರ ಈ ಕೆಲಸಕ್ಕೆ ಒಂದಷ್ಟು ದುಡ್ಡು ಸಾರ್ವಜನಿಕರ ಚಂದಾದಿಂದ ಬಂದಿತ್ತು.

ನಮ್ಮ ದೇಶದಲ್ಲಿ ಯಾರಾದರೂ ಈ ಬಗ್ಗೆ ಕೆಲಸ ಮಾಡಿದ್ದಾರಾ?

ಮಾಡಿದ್ದಾರೆ, ಅದೂ ನಮ್ಮ ಪಕ್ಕದಲ್ಲೇ. ಬಂಡೀಪುರ ದಾಟಿ ಊಟಿಗೆ ಹೋದರೆ ಅಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗ್ರೇಪ್ಸ್-3 ಪ್ರಯೋಗ ಇದೆ. ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳನ್ನು ಎಣಿಸುವ ಜಾಗ. ಮ್ಯೂಆನ್‌ಗಳಿಗೆ ಆವೇಶ ಇರುವುದರಿಂದ ಮೋಡದ ವಿದ್ಯುತ್ ಕ್ಷೇತ್ರದ ಮೂಲಕ ಬಂದರೆ ಅವುಗಳ ಶಕ್ತಿ ಬದಲಾಗುತ್ತದೆ, ನೆಲ ತಲುಪುವ ಎಣಿಕೆಯೂ ಬದಲಾಗುತ್ತದೆ. 2014ರ ಡಿಸೆಂಬರ್ 1ರಂದು ಒಂದು ಗುಡುಗು ಮೋಡ ಮೇಲೆ ಹಾದಾಗ ಎಣಿಕೆ ಸುಮಾರು ಶೇಕಡಾ 2ರಷ್ಟು ಇಳಿಯಿತು. ಅದರಿಂದ ಮೋಡದ ವೋಲ್ಟೇಜ್ ಲೆಕ್ಕ ಹಾಕಿದರೆ ಬಂದದ್ದು 130 ಕೋಟಿ ವೋಲ್ಟ್. ಮೋಡದಲ್ಲಿ ನೂರು ಕೋಟಿ ವೋಲ್ಟ್ ಇರಬಹುದು ಎಂದು ವಿಲ್ಸನ್ ಊಹಿಸಿ ಹೆಚ್ಚುಕಡಿಮೆ ತೊಂಬತ್ತು ವರ್ಷವಾಗಿತ್ತು, 2019ರಲ್ಲಿ ಊಟಿಯವರು ಅದನ್ನು ಅಳೆದು ತೋರಿಸಿದರು. ಬಲೂನು, ವಿಮಾನ ಬಿಟ್ಟರೆ ಅವು ಹೋದ ದಾರಿಯ ಲೆಕ್ಕ ಮಾತ್ರ ಸಿಗುತ್ತದೆ. ಮ್ಯೂಆನ್ ಇಡೀ ಮೋಡದ ಲೆಕ್ಕ ಕೊಡುತ್ತದೆ.

ಇನ್ನೊಂದು ನಂಟು ಶ್ರೀಹರಿಕೋಟಾದ್ದು. ಟಿಜಿಎಫ್ ಅಧ್ಯಯನಕ್ಕೆ ತುಂಬಾ ನೆರವಾದ ಇಟಲಿಯ ಅಜೀಲೆ ಉಪಗ್ರಹವನ್ನು 2007ರ ಏಪ್ರಿಲ್ 23ರಂದು ಹಾರಿಸಿದ್ದು ಇಸ್ರೋದ ಪಿಎಸ್‌ಎಲ್‌ವಿ. ಅದರ ಕಕ್ಷೆ ಸಮಭಾಜಕದ ಮೇಲೇ ಇತ್ತು, ಅಂದರೆ ಭೂಮಿಯಲ್ಲಿ ಟಿಜಿಎಫ್ ಜಾಸ್ತಿ ಹುಟ್ಟುವ ಆಫ್ರಿಕಾ, ಆಗ್ನೇಯ ಏಷ್ಯಾ, ಮಧ್ಯ ಅಮೆರಿಕದ ಪಟ್ಟಿಯ ಮೇಲೆ ದಿನವೂ ಸುತ್ತುತ್ತಿತ್ತು.

ವಿಮಾನದಲ್ಲಿ ಹೋಗುವವರಿಗೆ ಅಪಾಯ ಇದೆಯಾ?

ಲೆಕ್ಕದ ಪ್ರಕಾರ ಇದೆ, ವ್ಯವಹಾರದಲ್ಲಿ ತೀರಾ ಕಡಿಮೆ. ಡ್ವಾಯರ್ ತಂಡದ ಅಂದಾಜಿನಂತೆ ಮೋಡದ ತಲೆಯ ಹತ್ತಿರ ವಿಮಾನ ಟಿಜಿಎಫ್‌ಗೆ ಸಿಕ್ಕರೆ ಹತ್ತು ಎದೆ ಎಕ್ಸ್‌ರೇಯಷ್ಟು ವಿಕಿರಣ ತಾಗಬಹುದು, ಮೋಡದ ನಡುಭಾಗದಲ್ಲಾದರೆ ಅದರ ಹತ್ತು ಪಟ್ಟು, ಅಂದರೆ ಹೆಚ್ಚುಕಡಿಮೆ ಇಡೀ ಮೈಯ ಸಿಟಿ ಸ್ಕ್ಯಾನ್‌ನಷ್ಟು. ಆದರೆ ಪೈಲಟ್‌ಗಳು ಗುಡುಗು ಮೋಡದ ಹತ್ತಿರ ಸುಳಿಯುವುದಿಲ್ಲ. ಗಾಮಾ ಕಿರಣಕ್ಕೆ ಹೆದರಿ ಅಲ್ಲ, ಒಳಗಿನ ಗಾಳಿಯ ಹೊಡೆತಕ್ಕೂ ಆಲಿಕಲ್ಲಿಗೂ ಹೆದರಿ.

ಹೊಲದಲ್ಲಿ, ಮನೆಯಲ್ಲಿ ಇರುವ ನಮಗೆ?

ಚಿಂತೆ ಬೇಡ. ನೆಲದ ಹತ್ತಿರದ ದಟ್ಟ ಗಾಳಿ ಗಾಮಾ ಕಿರಣವನ್ನು ಕೆಲವೇ ನೂರು ಮೀಟರುಗಳಲ್ಲಿ ಚೆನ್ನಾಗಿ ಕುಗ್ಗಿಸುತ್ತದೆ, ನಮ್ಮ ಬೇಸಿಗೆ ಮೋಡಗಳ ವಿದ್ಯುತ್ ಪದರಗಳು ಕಿಲೋಮೀಟರುಗಟ್ಟಲೆ ಮೇಲಿರುತ್ತವೆ. ಜಪಾನಿನ ಚಳಿಗಾಲದ ಮೋಡಗಳು ತುಂಬಾ ತಗ್ಗಿನಲ್ಲಿ ಬರುವುದರಿಂದಲೇ ಅಲ್ಲಿ ನೆಲದಲ್ಲಿ ನಿಂತು ಇದನ್ನು ಅಳೆಯಲು ಸಾಧ್ಯವಾಯಿತು.

ಹೆದರಬೇಕಾದದ್ದು ಸಿಡಿಲಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಭರಣಿ, ಕೃತ್ತಿಕಾ ಮಳೆ ಹೊತ್ತಿಗೆ ಹೊಲದಲ್ಲಿ, ಮರದ ಕೆಳಗೆ ನಿಂತವರು, ಕುರಿ ಕಾಯುವವರು ಜೀವ ಕಳೆದುಕೊಳ್ಳುವುದು ಪ್ರತಿ ವರ್ಷದ ಸುದ್ದಿ. ಗುಡುಗು ಕೇಳಿಸಿದರೆ ಗಟ್ಟಿ ಕಟ್ಟಡದೊಳಗೆ ಅಥವಾ ಮುಚ್ಚಿದ ಕಾರಿನೊಳಗೆ ಹೋಗಿ. ಮೊಬೈಲಿನಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್, ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಇವೆ.

ಬ್ರಹ್ಮಾಂಡದ ಗಾಮಾ ಕಿರಣ ಸ್ಫೋಟವೂ ಇದೂ ಒಂದೇನಾ?

ಅಲ್ಲ. ಅದು ದೈತ್ಯ ನಕ್ಷತ್ರ ಸಾಯುವಾಗ ಅಥವಾ ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಾಗ ಆಗುವುದು. ಹಿಡಿಯುವ ಉಪಕರಣ ಒಂದೇ, ಅಷ್ಟೇ ಸಂಬಂಧ.

ನನ್ನ ಹತ್ತಿರ ವಿಕಿರಣ ಎಣಿಸುವ ಗೈಗರ್ ಕೌಂಟರ್ ಇದೆ. ಮಳೆ ಬಂದಾಗ ಎಣಿಕೆ ಏರಿತು. ಅದು ಮಿಂಚಿನ ಗಾಮಾ ಕಿರಣಾನಾ?

ಬಹುಮಟ್ಟಿಗೆ ಅಲ್ಲ, ರೇಡಾನ್‌ನ ಕೆಲಸ ಅದು. ನೆಲದಿಂದ ಸದಾ ಸ್ವಲ್ಪ ಸ್ವಲ್ಪ ರೇಡಾನ್ ಎಂಬ ವಿಕಿರಣಶೀಲ ಅನಿಲ ಹೊರಬಂದು ಗಾಳಿಯಲ್ಲಿ ಬೆರೆಯುತ್ತಿರುತ್ತದೆ. ಅದು ಒಡೆದು ಹುಟ್ಟುವ ಸೀಸ-214, ಬಿಸ್ಮತ್-214 ಧೂಳಿಗೆ, ಮೋಡದ ಹನಿಗೆ ಅಂಟಿಕೊಂಡು ಮಳೆಯ ಜೊತೆ ಕೆಳಗಿಳಿಯುತ್ತವೆ. ಮಿಂಚಿಲ್ಲದ ಸುಮ್ನೆ ಜಿಟಿಜಿಟಿ ಮಳೆಯಲ್ಲೂ ಕೌಂಟರ್ ಏರುವುದು ಇದಕ್ಕೇ. ಟಿಜಿಎಫ್ ಮಿಲಿಸೆಕೆಂಡಿನೊಳಗೆ ಮುಗಿಯುವುದರಿಂದ, ನೇರ ತಲೆ ಮೇಲೆ ಆದರೂ ಮನೆಯ ಕೌಂಟರ್ ಅದನ್ನು ಒಂದೇ ಒಂದು ಟಿಕ್ ಎಂದು ಎಣಿಸಬಹುದು, ಅದನ್ನು ಉಳಿದ ಟಿಕ್‌ಗಳಿಂದ ಬೇರೆ ಮಾಡಲು ಆಗುವುದಿಲ್ಲ. ಪರೀಕ್ಷೆ ಮಾಡಬೇಕೆಂದರೆ ಮಳೆ ನಿಂತ ಮೇಲೆ ಎಣಿಕೆ ಬರೆದುಕೊಳ್ಳುತ್ತಾ ಹೋಗಿ. ಆ ಎರಡರ ಅರ್ಧಾಯುವೂ ಇಪ್ಪತ್ತು ಮೂವತ್ತು ನಿಮಿಷದ ಒಳಗಿದೆ. ಒಂದೆರಡು ಗಂಟೆಯಲ್ಲಿ ನಿಧಾನವಾಗಿ ಇಳಿದು ಮಾಮೂಲಿ ಮಟ್ಟದ ಹತ್ತಿರಕ್ಕೆ ಬಂದರೆ ಅದು ರೇಡಾನ್‌ನ ಮರಿಗಳೇ.